ಅರ್ಧ ಕ್ಲಚ್

ಸನಾಯಾದ ಗ್ಯಾರೇಜಿನವ ಅರವತ್ತೈದು ರಿಯಾಲ್ ಅಂದ.
ಸಾಮಾನಿಗೆ ಬೇರೆ.
ಬಿಡಿಭಾಗದ ಅಂಗಡಿಯಲ್ಲಿ ಪೂರಾ ಸೆಟ್ಟಿಗೆ ಹತ್ತೊಂಬತ್ತು:
ಪ್ಲೇಟು, ಕವರು, ಬೇರಿಂಗು,
ಒಂದು ಚಿಟಿಕೆ ಗ್ರೀಸಿನ ಪೊಟ್ಟಣ.
ಉಳಿದದ್ದು ನನ್ನ ಎರಡು ಕೈ, ಒಂದು ಶುಕ್ರವಾರ.

ಶೀನ ಟಗ್ಗಿನಲ್ಲಿ. ಇಪ್ಪತ್ತೆಂಟು ದಿನ ನೀರು, ಹದಿನಾಲ್ಕು ದಿನ ನೆಲ.
ಇವತ್ತು ನೀರಿನ ಹನ್ನೊಂದನೆಯ ದಿನ.

ಸೊಹಾರಿನ ತಗಡಿನ ಮಾಡಿಗೆ
ಬೆಳಗಿನ ಐದಕ್ಕೇ ಜ್ವರ ಬಂದಿದೆ.
ಬ್ಯಾಟರಿ ಕಳಚಿ, ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು,
ಹಳೇ ಸನ್ನಿಯನ್ನು ಭುಜದಿಂದ ದೂಡಿ ನೋಡಿದೆ.
ಬೀಳುವುದಾದರೆ ಈಗಲೇ ಬೀಳು, ಅಂದೆ,
ನಾನು ಅಡಿಗೆ ನುಸಿಯುವ ಮೊದಲು.

ರಟ್ಟಿನ ಮೇಲೆ ಗೇರುಬಾಕ್ಸಿನ ಚಿತ್ರ ಬರೆದು
ಬಿಚ್ಚಿದ ಬೋಲ್ಟನ್ನೆಲ್ಲ ಅದರದರ ಜಾಗಕ್ಕೆ ಚುಚ್ಚಿದೆ.
ಹನ್ನೆರಡು ವರ್ಷ ಈ ಊರಿನ ಹೆಂಗಸರ ಬಟ್ಟೆ ಹೊಲಿದವಳು,
ನನಗಿಷ್ಟು ಗೊತ್ತು:
ಬಿಚ್ಚುವುದು ಯಾರಿಗೂ ಬರುತ್ತದೆ,
ಯಾವ ತೋಳು ಯಾವ ಕಂಕುಳಿಗೆ ಅನ್ನುವುದೇ ಕಸುಬು.

ಪಕ್ಕದ ಮನೆಯ ಬಲೂಚಿ ಹುಡುಗ ದಾದ್‌ಕರೀಮ್
ಟಾರ್ಚು ಹಿಡಿಯುತ್ತೇನೆಂದು ಬಂದ.
ಬೆಳಕು ನನ್ನ ಕೈ ಬಿಟ್ಟು
ಓತಿಯ ಹಿಂದೆ, ಬೆಕ್ಕಿನ ಹಿಂದೆ,
ಮತ್ತೆ ಬೈದ ಮೇಲೆ ನನ್ನ ಕೈಗೆ.

ಗೇರುಬಾಕ್ಸ್ ಜಾಕಿನ ಮೇಲಿಂದ ಅರ್ಧ,
ನನ್ನ ಎದೆಯ ಮೇಲಿಂದ ಅರ್ಧ ಇಳಿಯಿತು.
ಉಸಿರು ಬಿಟ್ಟರೆ ಅದೂ ಇಳಿಯುತ್ತಿತ್ತು,
ಎಳೆದುಕೊಂಡರೆ ಏರುತ್ತಿತ್ತು.

ಆಮೇಲೆ ಆರು ಬೋಲ್ಟು, ಎದುರುಬದುರಾಗಿ, ಒಂದೊಂದೇ ಸುತ್ತು.
ಪ್ಲೇಟು ಕೈಗೆ ಬಂತು.

ರಿವೆಟ್ಟಿನ ತಲೆಗಳು ಬೆಳ್ಳಗೆ ಹಲ್ಲು ಕಿರಿಯುತ್ತಿದ್ದವು.
ಹೊಸದರ ಅರ್ಧ ದಪ್ಪವೂ ಇಲ್ಲ.
ಬೆರಳಿಗೆ ಅಂಟಿದ ಕರಿಯನ್ನು ನೋಡಿದೆ.
ಹಳೇ ಗಾಡಿ, ಸವೆಯುತ್ತದೆ ಅಂತ ಶೀನ ಹೇಳುತ್ತ ಬಂದದ್ದು
ಇದನ್ನು.
ಇದು ನನ್ನ ಎಡಗಾಲಿನ ಕೈಬರಹ.

ಡ್ರಮ್ ಟೆಸ್ಟು ಮೊದಲ ಸಲಕ್ಕೇ ಪಾಸು,
ಹಿಂದಕ್ಕೆ ಹೋಗುವುದು ನನಗೆ ಯಾವತ್ತೂ ಸಲೀಸು.
ಸ್ಲೋಪಿನಲ್ಲಿ ಐದು ಸಲ ಫೇಲು.
ದಿಬ್ಬದ ನಡುವೆ ನಿಲ್ಲಿಸು ಅನ್ನುವನು ಪೊಲೀಸಿನವ,
ಒಂದು ಗೇಣೂ ಜಾರದೆ ಹೊರಡು ಅನ್ನುವನು.
ಅದಕ್ಕೆ ಅಂತ ಸಂಜೆಸಂಜೆ ಮೇಲ್ಸೇತುವೆಯ ಏರಿನಲ್ಲಿ
ನಾನು, ಪಕ್ಕದಲ್ಲಿ ಶೀನ,
ಪೂರಾ ಒತ್ತಲೂ ಹೆದರಿ, ಪೂರಾ ಬಿಡಲೂ ಹೆದರಿ
ನಡುವಿನ ಆ ನಡುಕದಲ್ಲೇ ಗಾಡಿಯನ್ನು ಹಿಡಿದು ನಿಲ್ಲಿಸಿದ್ದು
ಎಷ್ಟು ಸಂಜೆಗಳೋ.

ಎಂತದೋ ಸುಟ್ಟ ವಾಸನೆ, ಅಂದಿದ್ದೆ ಒಮ್ಮೆ.
ಅವನು ಕಿಟಕಿ ಇಳಿಸಿದ.
‘ಅದ್ ಸಮುದ್ರದ್ದ್ ಮಾರಾಯ್ತಿ, ನೀ ಬಿಡ್ ಗಾಡಿ’ ಅಂದ.
ಗಂಗೊಳ್ಳಿಯ ದೋಣಿಯವರ ಮಗ ಹೇಳಿದರೆ
ಸಮುದ್ರದ್ದೇ ಇರಬೇಕು ಅಂತ ನಂಬಿದೆ.

ಟಾರ್ಚು ಆರಿದ್ದು ಗೊತ್ತಾಗಲಿಲ್ಲ.
ದಾದ್‌ಕರೀಮ್ ಕೇಳಿದ: ಮುರಿದದ್ದು ಯಾರು?
ನಾನು, ಅಂದೆ. ಅವನಿಗೆ ಭಾರೀ ಖುಷಿ.

ಪ್ಲೇಟು ನಡುವಿಗೆ ಕೂರಿಸುವ ಉಪಕರಣ ನನ್ನಲ್ಲಿಲ್ಲ.
ಪೊರಕೆಯ ಹಿಡಿ ಕೊಯ್ದು, ಲೈನಿಂಗ್ ಬಟ್ಟೆಯ ಪಟ್ಟಿ ಸುತ್ತಿ
ತೂತಿಗೆ ಬಿಗಿಯಾಗುವ ತನಕ ಸುತ್ತಿ, ಕಣ್ಣಳತೆ.
ಗೇರುಬಾಕ್ಸ್ ಮತ್ತೆ ಮೇಲೆ ಹೋಗಬೇಕಲ್ಲ.
ಹೋಗಲಿಲ್ಲ.
ಹತ್ತು ಸಲ ಹೋಗಲಿಲ್ಲ.
ಬೆವರು ಕಿವಿಯೊಳಗೆ ಇಳಿಯಿತು,
ಬೈಗುಳವೆಲ್ಲ ಕುಂದಾಪ್ರದ್ದು, ಹುಡುಗ ಎರಡನ್ನು ಕಲಿತ.
ಮಹ್‌ಗುಲ್ ಅಜ್ಜಿ ಚಹಾ ತಂದು ಗೋಡೆಯ ಮೇಲಿಟ್ಟು
ನನ್ನ ಕಾಲುಗಳಿಗೆ ಏನೋ ಬುದ್ಧಿ ಹೇಳಿ ಹೋದಳು.
ಕೊನೆಗೆ ಸೂಜಿಗೆ ದಾರ ಹಾಕುವಾಗ ಮಾಡುವಂತೆ
ಬಲ ಬಿಟ್ಟು, ಉಸಿರು ಹಿಡಿದು, ತುಸು ತಿರುಗಿಸಿದೆ.

ಕಳಕ್.

ಆಸರ್ ಬಾಂಗಿನ ಹೊತ್ತಿಗೆ ಚಕ್ರ ನೆಲ ಮುಟ್ಟಿತು.
ಪೆಡಲು ಎಲ್ಲೋ ಕೆಳಗೇ ಕಚ್ಚುತ್ತದೆ, ನನಗೇನು ಗೊತ್ತು,
ಹಳೇ ಅಳತೆಗೆ ಕಾಲು ಎತ್ತಿದೆ.
ಗಾಡಿ ಹಾರಿ, ಅಜ್ಜಿಯ ನೆನೆಹಾಕಿದ ಬಟ್ಟೆಯ ಬಕೆಟ್ಟು ಉರುಳಿಸಿ
ಉಗುಳಿ ನಿಂತಿತು.
ಸಾಬೂನಿನ ನೀರು ಮರಳಿನಲ್ಲಿ ಇಂಗುತ್ತ ಹೋಯಿತು.

ಹಳೇ ಪ್ಲೇಟನ್ನು ಎಸೆದಿಲ್ಲ. ತೊಳೆದು
ಗಾಳಿಗೆ ಬಡಿಯುವ ಹಿಂದಿನ ಗೇಟಿಗೆ ಒತ್ತುಕೊಟ್ಟಿದ್ದೇನೆ.
ಶೀನನಿಗೆ ಫೋನಿನಲ್ಲಿ ಹೇಳಲಿಲ್ಲ.
ಹದಿನೇಳು ದಿನ ಕಳೆದು ಬರುತ್ತಾನಲ್ಲ,
ಬಾಗಿಲಲ್ಲೇ ಎಡವಲಿ.